ಸಹಾಯ ಬೇಕು: ಬಿದಿರು ಮೋಟಿನಲ್ಲಿ ಸೊಳ್ಳೆ ಮರಿ ತಿನ್ನುವ ಮರಿ, ಬಿಡಲಾ, ಮುಚ್ಚಲಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸುಳ್ಯದ ಕಡೆ ಅಡಿಕೆ ತೋಟ. ಹೋದ ಮಳೆಗಾಲ ಮನೆಯಲ್ಲಿ ಇಬ್ಬರಿಗೆ ಡೆಂಗ್ಯೂ ಆಗಿತ್ತು. ಹಾಗಾಗಿ ಈ ಸಲ ಬಿದ್ದ ಅಡಿಕೆ ಹಾಳೆಗಳನ್ನೆಲ್ಲ ನೀರು ನಿಲ್ಲದಂತೆ ವಾರಕ್ಕೊಮ್ಮೆ ಹೆಕ್ಕಿ ಕವುಚಿ ಹಾಕುತ್ತಿದ್ದೇನೆ. ಗೆರಟೆ, ಟೈರು ಒಂದೂ ಇಲ್ಲ. ಆದರೂ ಹಗಲಲ್ಲೇ ಕಪ್ಪು-ಬಿಳಿ ಪಟ್ಟೆಯ ಸೊಳ್ಳೆ ಕಾಲಿಗೆ ಮುತ್ತುತ್ತದೆ.

ಹುಡುಕಿದಾಗ ಸಿಕ್ಕಿದ್ದು ತೋಡಿನ ಬದಿಯ ಬಿದಿರು ಮೆಳೆ. ಕಡಿದು ಬಿಟ್ಟ ಸುಮಾರು 30 ಮೋಟುಗಳಲ್ಲಿ ಹಾಲು ಹಾಕದ ಕಣ್ಣ ಚಹಾದಂಥ ನೀರು. ಒಂದರಿಂದ ಸೌಟಿನಲ್ಲಿ ಬಿಳಿ ಬಟ್ಟಲಿಗೆ ತೆಗೆದು ನೋಡಿದೆ. ಸಣ್ಣ ಮರಿಗಳ ನಡುವೆ ಕೆಂಪು-ಕಂದು ಬಣ್ಣದ ದಪ್ಪ ಮರಿ ಒಂದು. ಅಲುಗಾಡದೆ ಕಾಯುತ್ತಿತ್ತು. ಸಣ್ಣದು ಹತ್ತಿರ ಬಂದದ್ದೇ ತಡ, ಗಬಕ್ಕನೆ ಹಿಡಿಯಿತು. ಬೆಳಿಗ್ಗೆ ನೋಡಿದರೆ ಬಟ್ಟಲಲ್ಲಿ ಅದೊಂದೇ! ಇದು ಟಾಕ್ಸೊರಿಂಕೈಟಿಸ್ ಎಂಬ ಸೊಳ್ಳೆಯ ಮರಿ, ರೆಕ್ಕೆ ಬಂದ ಮೇಲೆ ರಕ್ತ ಹೀರುವುದಿಲ್ಲ, ಹೂವಿನ ರಸವೇ ಅದರ ಊಟ ಎಂದು ಓದಿದೆ.

ಮೋಟನ್ನು ಗಂಟಿನ ಮಟ್ಟಕ್ಕೆ ಕಡಿಯಲು ಹೋದೆ, ಮುಳ್ಳಿಗೆ ಕೈ ಗೀರಿದ್ದೇ ಬಂತು. ನಾಲ್ಕಕ್ಕೆ ಮರಳು ತುಂಬಿಸಿದ್ದೇನೆ. ಸೀಮೆಎಣ್ಣೆ ಹಾಕು ಅಂತಾರೆ, ತೋಡಿನಲ್ಲಿ ಮೀನಿದೆ, ಮನಸ್ಸಿಲ್ಲ.

ಈಗ ಗೊಂದಲ ಇಷ್ಟೇ. ದಪ್ಪ ಮರಿ ಇರುವುದು ಏಳೆಂಟು ಮೋಟಿನಲ್ಲಿ ಮಾತ್ರ. ಅವನ್ನು ಹಾಗೇ ಬಿಟ್ಟು ಉಳಿದವಕ್ಕೆ ಮರಳು ತುಂಬಿಸಲಾ? ಅಥವಾ ಇವನ್ನು ನಂಬಿ ಕೂರದೆ ಎಲ್ಲವನ್ನೂ ಮುಚ್ಚುವುದೇ ಸರಿಯಾ? ತೋಟದಲ್ಲಿ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.