ಯೂಟ್ಯೂಬ್ ಸ್ಟಂಟ್ ಸರಣಿಯನ್ನು ಜ್ಯಾಕಾಸ್ ಥರ ಸಿನಿಮಾ ಮಾಡೋದು ಹೇಗೆ? ಗೊತ್ತಿರೋರು ಹೇಳಿ

ಪ್ರಶ್ನೆ: ಐದು ಜನ ಗೆಳೆಯರು ಯೂಟ್ಯೂಬ್‌ಗೆ ಸ್ಟಂಟ್, ಪ್ರಾಂಕ್ ಮಾಡ್ತೀವಿ. ಎಂಟಿವಿಯ ಸ್ಟಂಟ್-ಪ್ರಾಂಕ್ ಶೋ ಜ್ಯಾಕಾಸ್ 2002ರಲ್ಲಿ ಸಿನಿಮಾ ಆದ ಹಾಗೆ ನಮ್ಮದನ್ನೂ 80 ನಿಮಿಷಕ್ಕೆ ಬೆಳೆಸಬೇಕು. ಎರಡು ಮೊಬೈಲ್, ಒಂದು ಮಿರರ್‌ಲೆಸ್ ಕ್ಯಾಮೆರಾ ಇದೆ.

ಉತ್ತರ: ಸಿನಿಮಾ ಅಂದ ತಕ್ಷಣ ಸ್ಟಂಟ್ ದೊಡ್ಡದು ಮಾಡಲು ಹೋಗಬೇಡಿ. ಜೆಫ್ ಟ್ರೆಮೇನ್ ನಿರ್ದೇಶಿಸಿದ ಆ ಮೊದಲ ಚಿತ್ರದಲ್ಲಿ ತಂಡದ ಸ್ಟೀವ್-ಓ ಜಪಾನಿ ಸುಶಿ ಹೋಟೆಲಿನಲ್ಲಿ ಕೂತು ಮೂಗಿಗೆ ವಸಾಬಿ (ಘಾಟು ಖಾರದ ಹಸಿರು ಚಟ್ನಿ) ಏರಿಸಿಕೊಳ್ಳುವ ತುಣುಕಿದೆ. ಖರ್ಚಿಲ್ಲ, ಎತ್ತರವಿಲ್ಲ, ಆದರೂ ಜನ ಮರೆತಿಲ್ಲ. ನಗು ಹುಟ್ಟುವುದು ಪಕ್ಕದಲ್ಲಿ ನೋಡಲಾಗದೆ ಒದ್ದಾಡುವ ಗೆಳೆಯರ ಮುಖದಲ್ಲಿ. ಕ್ಯಾಮೆರಾ ಹಿಡಿದ ಲ್ಯಾನ್ಸ್ ಬ್ಯಾಂಗ್ಸ್ ವಾಂತಿ ಮಾಡಿಕೊಂಡದ್ದನ್ನೂ ಅವರು ಬಿಡದೆ ತೋರಿಸಿದರು. ಆದ್ದರಿಂದ ಒಂದು ಮೊಬೈಲನ್ನು ನೋಡುವವರ ಕಡೆಗೇ ತಿರುಗಿಸಿಡಿ. ಸ್ಟಂಟ್ ಮುಗಿದ ಮೇಲೂ 30 ಸೆಕೆಂಡ್ ಎಲ್ಲ ಕ್ಯಾಮೆರಾ ಓಡುತ್ತಿರಲಿ.

ಎಡಿಟಿಂಗ್‌ನಲ್ಲಿ, ಯಾರೋ ಬೀಳುವ ದೃಶ್ಯ ಮೂರು ಸಾಲಾಗಿ ಬಂದರೆ ಮೂರನೆಯದಕ್ಕೆ ಯಾರೂ ನಗುವುದಿಲ್ಲ. ನಾಲ್ಕು ನಿಮಿಷದ ಪ್ರಾಂಕ್ ಆದಮೇಲೆ 20 ಸೆಕೆಂಡಿನದೊಂದು ಹಾಕಿ. ಕಥೆಯ ಎಳೆ ಬೇಕೆಂದರೆ 2013ರ ‘ಬ್ಯಾಡ್ ಗ್ರಾಂಡ್‌ಪಾ’ ನೋಡಿ: ಜ್ಯಾಕಾಸ್ ತಂಡದ ಜಾನಿ ನಾಕ್ಸ್‌ವಿಲ್ ಮುದುಕನ ವೇಷದಲ್ಲಿ ಮೊಮ್ಮಗನೊಂದಿಗೆ ಊರೂರು ಸುತ್ತುತ್ತಾನೆ, ಅಷ್ಟರಲ್ಲೇ ಗುಪ್ತ ಕ್ಯಾಮೆರಾದ ತುಣುಕೆಲ್ಲ ಪೋಣಿಸಿಕೊಂಡಿವೆ.

ಉತ್ತರ: ಸ್ಲೋ ಮೋಷನ್ ಬಗ್ಗೆ. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಒಂದು ಸೆಕೆಂಡ್ ಹತ್ತಾಗುತ್ತದೆ. ಮನೆಯೊಳಗೆ ತೆಗೆದರೆ ಚಿತ್ರ ಮಿನುಗುತ್ತದೆ, ಯಾಕೆಂದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಬಿಸಿಲಲ್ಲೇ ತೆಗೆಯಿರಿ. ಮಾಮೂಲಿ ಶಾಟ್‌ಗೆ 25 ಫ್ರೇಮ್, ಶಟರ್ ವೇಗ ಸೆಕೆಂಡಿನ 1/50.

ಸೌಂಡ್‌ನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮಾತಿಗೆ ಲೆವೆಲ್ ಹೊಂದಿಸಿಡುತ್ತಾರೆ, ಕೇಕೆ ಬಂದಾಗ ಒಡೆದುಹೋಗುತ್ತದೆ. ರೆಕಾರ್ಡಿಂಗ್ ಮೀಟರ್‌ನಲ್ಲಿ ಮಾತು ಮೈನಸ್ 18 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಬೀಳುವವನ ಎದೆಗೆ ಕಾಲರ್ ಮೈಕ್ ಬೇಡ, ಮೈಕೂ ಮುರಿಯುತ್ತದೆ, ಕ್ಲಿಪ್ಪೂ ಚುಚ್ಚುತ್ತದೆ.

ಉತ್ತರ: ದಯವಿಟ್ಟು ಇದನ್ನು ಪೂರ್ತಿ ಓದಿ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಸಿನಿಮಾ ಶೂಟಿಂಗ್‌ಗೆ ಹೆಲಿಕಾಪ್ಟರ್‌ನಿಂದ ಧುಮುಕಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಗಟ್ಟಿಮುಟ್ಟಾದ ಮೈ ನೀರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀರಿನ ದೃಶ್ಯವಿದ್ದರೆ ಬಟ್ಟೆಯೊಳಗೆ ಜಾಕೆಟ್, ಈಜು ಬಲ್ಲ ಇಬ್ಬರು ಮೊದಲೇ ನೀರಲ್ಲಿ. ಇಲ್ಲದಿದ್ದರೆ ಆ ದೃಶ್ಯವೇ ಬೇಡ.

ತಲೆಗೆ ಪೆಟ್ಟು ಬಿದ್ದವನು ‘ಏನಾಗಿಲ್ಲ, ಇನ್ನೊಂದು ಟೇಕ್’ ಎಂದರೂ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ವಾಂತಿ, ಹೆಚ್ಚುತ್ತಿರುವ ತಲೆನೋವು, ಕೇಳಿದ್ದನ್ನೇ ಕೇಳುವುದು, ಮಂಪರು ಕಂಡರೆ ಸೀದಾ ಆಸ್ಪತ್ರೆಗೆ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು. 2022ರ ‘ಜ್ಯಾಕಾಸ್ ಫಾರೆವರ್’ ಚಿತ್ರಕ್ಕೆ ಗೂಳಿ ಎತ್ತಿ ಎಸೆದಾಗ ನಾಕ್ಸ್‌ವಿಲ್‌ಗೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು, ಅದೂ ವೈದ್ಯರ ತಂಡ ಇಟ್ಟುಕೊಂಡು ಮಾಡುವವರಿಗೆ.

ಉತ್ತರ: ಪ್ರಾಂಕ್‌ಗೆ ಸಿಕ್ಕ ಅಪರಿಚಿತರಿಂದ ಅಲ್ಲೇ, ಆಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ, ಮರುದಿನ ಅವರು ಸಿಗುವುದಿಲ್ಲ. ಒಪ್ಪದಿದ್ದರೆ ತುಣುಕು ಬಿಡಿ. ಗೆಳೆಯರೂ 18 ತುಂಬಿದವರೇ ಇರಬೇಕು. ಪ್ರಾಣಿ ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮುಂಚೆಯೇ ಬೇಕು.