ಬಾಲದೊಳಗಿನ ಬಾಯಿ

ಶೀನಿ: ಮನೆಯಲ್ಲಿ ಕಟ್ಟೋ ವಿಮಾನಕ್ಕೆ ಹೊರಗೊಂದು ರೇಡಿಯೋ ಆಂಟೆನಾ ಕೋಲು ಯಾಕೆ? ಬಾಲದಲ್ಲಿ ನೆಟ್ಟಗೆ ನಿಂತ ಫಿನ್ ಒಳಗೇ ಆಂಟೆನಾ ಅಂಟಿಸಿದರೆ ಗಾಳಿಯ ಎಳೆತವೂ ಇಲ್ಲ, ಯಾರೂ ತಲೆ ತಾಗಿಸಿ ಮುರಿಯೋದೂ ಇಲ್ಲ.

ವಿಮಲಾ: ಫಿನ್ ಯಾವುದರದ್ದು? ಗ್ಲಾಸೇರ್ ಕಿಟ್ ವಿಮಾನದ ಥರ ಗ್ಲಾಸ್ ಫೈಬರ್ ಆದರೆ ಧಾರಾಳವಾಗಿ ಅಂಟಿಸು. ಕಾರ್ಬನ್ ಫೈಬರ್ ಆದರೆ ಅದು ರೇಡಿಯೋ ತರಂಗ ತಡೆಯುತ್ತೆ, ಗೋದ್ರೇಜ್ ಬೀರುವಿನೊಳಗೆ ಕೂತು ಪಕ್ಕದ ಮನೆಯವರನ್ನ ಕೂಗಿದಂಗೆ.

ನಾಗು: ಎಷ್ಟುದ್ದ?

ವಿಮಲಾ: ಪೈಲಟ್ಟು, ಟವರು ಮಾತಾಡೋ ಬ್ಯಾಂಡು 118ರಿಂದ 137 ಮೆಗಾಹರ್ಟ್ಸ್. ನಡುವೆ 127 ಹಿಡಿ. ತರಂಗದ ಉದ್ದದ ಕಾಲು ಭಾಗ, ಲೆಕ್ಕದಲ್ಲಿ 59 ಸೆಂ.ಮೀ. ಆದರೆ ಅರ್ಧ ಇಂಚಿನ ತಾಮ್ರದ ಟೇಪು ಗ್ಲಾಸಿಗೂ ರಾಳಕ್ಕೂ ಅಂಟಿದಾಗ ಸುಮಾರು 51 ಸಾಕಾಗುತ್ತೆ. ಮೇಲೊಂದು, ಕೆಳಗೊಂದು. 56ಕ್ಕೆ ಶುರು ಮಾಡಿ ಎರಡೂ ತುದಿ ಸಮನಾಗಿ 5 ಮಿ.ಮೀ. ಕತ್ತರಿಸ್ತಾ ಬಾ.

ಶೀನಿ: ಫಿನ್ ಅಷ್ಟು ಎತ್ತರ ಇಲ್ಲದಿದ್ದರೆ?

ನಾಗು: ಗಿಡ್ಡ ಫಿನ್ನಿಗೆ ಹೀಲ್ಸ್ ಹಾಕಿಸು!

ವಿಮಲಾ: ತುದಿ ಮಡಚು. ಕರೆಂಟು ಜಾಸ್ತಿ ಹರಿಯೋದು ನಡುವೆ, ಅದನ್ನ ನೆಟ್ಟಗಿಡು. ಟೇಪಿಗೆ ಟೇಪು ಸೇರಿಸೋ ಕಡೆ ಬೆಸುಗೆ ಹಾಕು, ಕೆಳಗಿನ ಅಂಟು ಕರೆಂಟು ಬಿಡಲ್ಲ.

ನಾಗು: ಕೇಬಲ್ಲು?

ವಿಮಲಾ: ಆರ್‌ಜಿ-400. ಅದರ ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ. ನಡುತಂತಿ ಮೇಲಿನ ಟೇಪಿಗೆ, ಜಾಲರಿ ಕೆಳಗಿನದಕ್ಕೆ. ಟೇಪಿಗೆ ಲಂಬವಾಗಿ ಮುಂದಕ್ಕೆ ಎಳೀಬೇಕು. ಜೋಡಣೆ ಆದ ಕೂಡಲೇ ಕೇಬಲ್ಲಿಗೆ ಮೂರು ಫೆರೈಟ್ ಉಂಗುರ, ಕಾಂತೀಯ ಪಿಂಗಾಣಿಯವು. ಇಲ್ಲದಿದ್ದರೆ ಜಾಲರಿಯ ಹೊರಮೈಯೂ ಆಂಟೆನಾ ಆಗಿ, ಮಾತಾಡೋ ಬಟನ್ ಒತ್ತಿದ ತಕ್ಷಣ ಹೆಡ್‌ಸೆಟ್ಟು ಕುಂಯ್ ಅನ್ನುತ್ತೆ.

ಶೀನಿ: ಉಂಗುರ ಕೊನೆಗೆ ಪೋಣಿಸಿದರಾಯ್ತು.

ನಾಗು: ಆಮೇಲೆ ಬೆರಳಿಗೆ ಹಾಕ್ಕೊಂಡು ತಿರುಗು! ಒಂದು ತುದಿಗೆ ಬೆಸುಗೆ, ಇನ್ನೊಂದಕ್ಕೆ ಕನೆಕ್ಟರ್ ಬಿದ್ದಮೇಲೆ ಯಾವ ಕಡೆಯಿಂದ ತೂರಿಸ್ತೀಯ?

ವಿಮಲಾ: ಬೆಸುಗೆಯನ್ನೂ ಚಕಚಕ ಮುಗಿಸಬೇಕು. ಕೆಳಗೆ ಫೋಮ್ ಇದ್ದರೆ ಕರಗಿ ಗುಂಡಿ ಬೀಳುತ್ತೆ. ತಣ್ಣಗಾದ ಮೇಲೆ ಮಲ್ಟಿಮೀಟರಿನಲ್ಲಿ ನಡುತಂತಿಗೂ ಜಾಲರಿಗೂ ಸಂಪರ್ಕ ಇರಬಾರದು. ಬೀಪ್ ಅಂದರೆ ಎಲ್ಲೋ ಜಾಲರಿಯ ಎಳೆ ಚುಚ್ಚಿದೆ.

ಶೀನಿ: ಫಿನ್ ತುದಿಯಲ್ಲಿ ಮಿನುಗೋ ಸ್ಟ್ರೋಬ್ ಲೈಟಿನ ವೈರು, ಬಾಲದ ಚುಕ್ಕಾಣಿ ರಡ್ಡರಿನ ಕೇಬಲ್ಲು?

ವಿಮಲಾ: ಟೇಪಿಗೆ ಸಮಾನಾಂತರವಾಗಿ ಹೋದರೆ ಅವೇ ಟ್ಯೂನ್ ಕೆಡಿಸೋದು. ಆದಷ್ಟು ದೂರ ಸರಿಸು, ದಾಟಲೇಬೇಕಾದರೆ ಅಡ್ಡ ದಾಟಿಸು. ಬಣ್ಣದಲ್ಲಿ ಲೋಹದ ಪುಡಿಯೂ ಬೇಡ.

ನಾಗು: ಎಸ್‌ಡಬ್ಲ್ಯುಆರ್?

ವಿಮಲಾ: ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತೆ ಅಂತ ತೋರಿಸೋ ಅಳತೆ ಅದು. ಇಡೀ ಬ್ಯಾಂಡಿಗೆ 2ಕ್ಕಿಂತ ಕಮ್ಮಿ ಇದ್ದರೆ ಒಳ್ಳೇದು. ಆದರೆ ಫಿನ್ನಿನ ಎರಡು ಹೋಳು ಒತ್ತಿ ಹಿಡಿದು, ವೈರೆಲ್ಲ ಅದರದರ ಜಾಗದಲ್ಲಿಟ್ಟು ಅಳೀಬೇಕು. ಬರೀ ತೆರೆದ ಹೋಳಲ್ಲಿ ಅಳೆದ ಟ್ಯೂನ್ ಮುಚ್ಚಿದಮೇಲೆ ಕಮ್ಮಿ ಮೆಗಾಹರ್ಟ್ಸ್‌ಗೆ ಜಾರುತ್ತೆ.

ನಾಗು: ಸರಿ ಬಂತು ಅಂದಮೇಲೆ ಹೋಳು ಅಂಟಿಸೋಕೆ ರಾಳ ಕಲಸೋದಾ?

ವಿಮಲಾ: ಕೇಬಲ್ಲಿನ ಇನ್ನೊಂದು ತುದಿಗೆ ರೇಡಿಯೋ ಸಿಕ್ಕಿಸಿ ಒಂದು ಸಲ ಟವರಿನ ಜತೆ ಮಾತಾಡಿ ನೋಡು. ಆಮೇಲೆ ಕಲಸು.