ಪ್ರೆಸ್ ಮೆಷಿನಿನ ವಿಷಯ ಬರೆದೇ ಕೊಡು

ಎಲ್ಲರಿಗೂ ನಮಸ್ಕಾರ. ನಮ್ಮ ಹುಡುಗ ನಿನ್ನೆ ರಾತ್ರಿ ಗುಂಪಿಗೆ ಕಳುಹಿಸಿದ ವಾಯ್ಸ್ ಮೆಸೇಜನ್ನೂ ಅದಕ್ಕೆ ಅಣ್ಣ ಕೊಟ್ಟ ಉತ್ತರವನ್ನೂ ಕೇಳಿದೆ. ತಮಿಳುನಾಡಿನ ಹೊಸೂರಿನಲ್ಲಿ ಅವನು ಕೆಲಸ ಮಾಡುವ, ಲೋಹದ ತಗಡನ್ನು ಮೆಷಿನಿನಲ್ಲಿ ಒತ್ತಿ ಕತ್ತರಿಸುವ ಪ್ರೆಸ್ ಶಾಪಿನಲ್ಲಿ, ಕೈ ಒಳಗೆ ಸಿಗದಿರಲೆಂದು ಎರಡೂ ಕೈಗಳಿಂದ ಒಟ್ಟಿಗೆ ಒತ್ತಬೇಕಾದ ಬಟನ್‌ಗಳ ಪೈಕಿ ಒಂದಕ್ಕೆ ಮರದ ಚಕ್ಕೆ ಸಿಕ್ಕಿಸಿ ಟೇಪ್ ಸುತ್ತಿದ್ದಾರಂತೆ. ಸೂಪರ್‌ವೈಸರ್ ‘ಇಷ್ಟು ದಿನ ಯಾರಿಗೆ ಏನಾಗಿದೆ’ ಎಂದರಂತೆ, ಮ್ಯಾನೇಜರ್ ‘ಗೇಟಿನ ಆಚೆ ಕೆಲಸಕ್ಕೆ ಬೇಕಾದಷ್ಟು ಜನ ಇದ್ದಾರೆ’ ಎಂದರಂತೆ. ಕಾಂಟ್ರಾಕ್ಟ್ ಕೆಲಸ, ಸುಮ್ಮನಿದ್ದುಬಿಡು ಎಂದು ಅಣ್ಣ ಹೇಳಿದ್ದಾನೆ.

ಅಣ್ಣ, ನಿನ್ನ ಭಯ ಸುಳ್ಳಲ್ಲ. ಕೆಲಸ ಹೋಗುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಸುಮ್ಮನಿದ್ದರೆ ಅವನು ಸುರಕ್ಷಿತ ಎಂಬ ಲೆಕ್ಕ ಮಾತ್ರ ತಪ್ಪು. ನಾನು ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿದ್ದ ಕಾಲದಲ್ಲಿ ಅಪಘಾತದ ರಿಜಿಸ್ಟರ್ ತುಂಬುವ ಕೆಲಸ ನನ್ನದೇ ಆಗಿತ್ತು. ಯಾವ ಕಾರ್ಖಾನೆ ಎನ್ನುವುದು ಇಲ್ಲಿ ಬೇಡ. ಬೆರಳು ಕಳೆದುಕೊಂಡವನು ಆಸ್ಪತ್ರೆ ತಲುಪುವ ಮೊದಲೇ ‘ಕಾರಣ’ ಎಂಬ ಅಂಕಣಕ್ಕೆ ಮಾತು ಸಿದ್ಧವಾಗಿರುತ್ತಿತ್ತು: ಆಪರೇಟರ್‌ನ ಅಜಾಗರೂಕತೆ. ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಯಾರೋ ಮೆಷಿನಿನ ಟೇಪನ್ನೂ ಬಿಚ್ಚಿ ಒರೆಸಿಟ್ಟಿರುತ್ತಿದ್ದರು. ‘ನಾವು ಮೊದಲೇ ಹೇಳಿದ್ದೆವು’ ಎಂದು ಜೊತೆಯವರು ಹೇಳುತ್ತಿದ್ದರು, ಆದರೆ ಬಾಯಲ್ಲಿ ಹೇಳಿದ್ದಕ್ಕೆ ಯಾವ ಅಂಕಣವೂ ಇರಲಿಲ್ಲ.

ಇದರಲ್ಲಿ ಇನ್ನೊಂದು ಅಪಾಯವಿದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿ, ಸುರಕ್ಷತಾ ಸಾಧನವನ್ನು ಕಾರ್ಮಿಕನೇ ಬೇಕೆಂದು ತೆಗೆದು ಅದರಿಂದ ಗಾಯವಾದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆಯ ಹೊರತು ಮಾಲೀಕನಿಗೆ ಹೊಣೆಯಿಲ್ಲ ಎಂಬ ಅಂಶವಿತ್ತು. ಟಾರ್ಗೆಟ್ ಮುಟ್ಟಲೆಂದು ಮೇಲಿನವರು ಸುತ್ತಿಸಿದ ಟೇಪನ್ನು ನಾಳೆ ಹುಡುಗನೇ ಸುತ್ತಿಕೊಂಡ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅದಕ್ಕೇ ಅವನು ಬರೆದುಕೊಟ್ಟ ದೂರಿನ ಕಾಗದ ಈಗಲೇ ಇರಬೇಕು.

ಮಗೂ, ಇನ್ನು ನಿನಗೆ. ನಿನ್ನ ಮೆಷಿನಿನ ಕ್ಲಚ್, ಅಂದರೆ ಮೋಟರಿನ ಓಟವನ್ನು ಮೆಷಿನಿಗೆ ಜೋಡಿಸುವ ಭಾಗ, ಕೀ ಕ್ಲಚ್ಚೋ ಗಾಳಿಯ ಕ್ಲಚ್ಚೋ ಎಂದು ಮೆಂಟೆನೆನ್ಸಿನವರನ್ನು ಕೇಳಿ ತಿಳಿದುಕೊ. ಹಳೆಯ ಕೀ ಕ್ಲಚ್ ಒಮ್ಮೆ ಹಿಡಿಯಿತೆಂದರೆ ಸುತ್ತು ಮುಗಿಯುವವರೆಗೆ, ಮೇಲಿಂದ ಇಳಿದು ಒತ್ತುವ ರ್‍ಯಾಮ್ ನಡುವೆ ನಿಲ್ಲುವುದಿಲ್ಲ. ಅಂಥದಕ್ಕೆ ಕೈ ಕಂಡೊಡನೆ ನಿಲ್ಲಿಸುವ ಸೆನ್ಸರ್ ಹಾಕಿಸುತ್ತೇವೆ ಎಂದರೆ ಅದು ಕಣ್ಣೊರೆಸುವ ಮಾತು, ತಗಡಿಗೆ ಆಕಾರ ಕೊಡುವ ಅಚ್ಚಾದ ಡೈ ಸುತ್ತ ಕೈ ತೂರದಂಥ ಗಾರ್ಡ್ ಬೇಕು. ಕಾಗದದಲ್ಲಿ ಸೂಪರ್‌ವೈಸರ್ ಒರಟು, ಮ್ಯಾನೇಜರ್ ಕೆಟ್ಟವರು ಎಂದೆಲ್ಲ ಬರೆಯಬೇಡ. ಮೆಷಿನಿನ ನಂಬರ್, ತಾರೀಖು, ಶಿಫ್ಟ್, ಯಾವ ಬಟನ್ ಹೇಗೆ ಕಟ್ಟಿದೆ, ಯಾರಿಗೆ ಯಾವಾಗ ಹೇಳಿದೆ, ಏನು ಸರಿಪಡಿಸಬೇಕು, ಇಷ್ಟೇ ಇರಲಿ. ಆ ಮೆಷಿನಿನ ಮೇಲೆ ಬೇರೆ ಶಿಫ್ಟಿನಲ್ಲಿ ದುಡಿಯುವ ಹುಡುಗರ ಸಹಿಯೂ ಇದ್ದರೆ ಒಬ್ಬನನ್ನೇ ಆರಿಸಿ ಹೊರಗೆ ಹಾಕುವುದು ಸುಲಭವಲ್ಲ.

ಕಾಂಟ್ರಾಕ್ಟಿನವನಿಗೆ ಇದೆಲ್ಲ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. 1948ರ ಕಾರ್ಖಾನೆ ಕಾಯ್ದೆ ಗುತ್ತಿಗೆದಾರನ ಮೂಲಕ ಬಂದವನನ್ನೂ ಕಾರ್ಮಿಕನೆಂದೇ ಕರೆದಿತ್ತು. 1984ರ ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಸುರಕ್ಷತೆ ಸಾಲದೆಂದು ಕಾರ್ಖಾನೆ ಇನ್‌ಸ್ಪೆಕ್ಟರ್‌ಗೆ ನೇರವಾಗಿ ಹೇಳುವ ಹಕ್ಕು 111ಎ ಕಲಮಾಗಿ ಬಂತು. ದೂರು ಕೊಟ್ಟವರು ಯಾರೆಂಬುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕು, ತಪಾಸಣೆಗೆ ಬಂದಾಗ ದೂರಿನಿಂದಾಗಿ ಬಂದೆ ಎಂದೂ ಹೇಳಬಾರದು ಎಂಬ 118ಎ ಕೂಡ ಆಗಲೇ ಸೇರಿತು. 2025ರ ನವೆಂಬರ್‌ನಲ್ಲಿ ಆ ಹಳೆಯ ಕಾಯ್ದೆಯ ಬದಲಿಗೆ ಜಾರಿಗೆ ಬಂದ, ಕೆಲಸದ ಜಾಗದ ಸುರಕ್ಷತೆಯ ಹೊಸ ಕಾನೂನಾದ 2020ರ ಸುರಕ್ಷತಾ ಸಂಹಿತೆಯ 14ನೇ ಕಲಮಿನ ಪ್ರಕಾರ ಮೊದಲು ಮಾಲೀಕನಿಗೆ ಹೇಳಬೇಕು, ಸಮಾಧಾನವಾಗದಿದ್ದರೆ ಇನ್‌ಸ್ಪೆಕ್ಟರ್‌ಗೆ. ಆದರೆ ಪ್ರಾಣಕ್ಕೋ ಅಂಗಕ್ಕೋ ಕೂಡಲೇ ಅಪಾಯವಿದೆ ಎಂಬ ಅಂಜಿಕೆಗೆ ಕಾರಣವಿದ್ದಲ್ಲಿ ಇಬ್ಬರಿಗೂ ಒಟ್ಟಿಗೇ ತಿಳಿಸಬಹುದು. ಕಟ್ಟಿಹಾಕಿದ ಬಟನ್ ಆ ಜಾತಿಯದೇ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ಒಂದು ಪ್ರತಿ ಮ್ಯಾನೇಜರ್‌ಗೆ, ಒಂದು ತಮಿಳುನಾಡು ಸರ್ಕಾರದ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ. ಮ್ಯಾನೇಜರ್ ಕಚೇರಿಯಲ್ಲಿ ಸ್ವೀಕೃತಿಯ ಸೀಲ್ ಹಾಕಲು ಒಪ್ಪದಿದ್ದರೆ ವಾದಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಮನೆಯಲ್ಲಿಡು. ಕನ್ನಡದಲ್ಲಿ ಬರೆದು ಕಳುಹಿಸು, ತಮಿಳಿಗೆ ನಾನೇ ತಿರುಗಿಸಿ ಕೊಡುತ್ತೇನೆ. ಇಷ್ಟು ವರ್ಷ ಎರಡೂ ಭಾಷೆಯ ರಿಜಿಸ್ಟರ್ ಬರೆದದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ. ಶಾಪಿನ ಒಳಗೆ ಮೊಬೈಲಿನಲ್ಲಿ ತೆಗೆದ ಆ ವಿಡಿಯೋವನ್ನು ಮಾತ್ರ ಗುಂಪಿನಿಂದ ಈಗಲೇ ಅಳಿಸು. ಒಳಗೆ ಮೊಬೈಲ್ ನಿಷೇಧವಿದ್ದರೆ ಬಟನ್ನಿನ ವಿಚಾರ ಬದಿಗೆ ಸರಿದು ನಿನ್ನ ಮೊಬೈಲೇ ವಿಚಾರಣೆಯ ವಿಷಯವಾಗುತ್ತದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ನಂಬರ್ ನಿನ್ನ ಹೆಸರಿನಲ್ಲಿ ಆಗಿದೆಯೇ, ಹಣ ಕಟ್ಟುತ್ತಿದ್ದಾರೆಯೇ ಎಂಬುದನ್ನೂ ನೋಡಿ ನನಗೆ ಹೇಳು. ಅಣ್ಣ, ನೀನು ಒಪ್ಪದಿದ್ದರೆ ಫೋನ್ ಮಾಡು, ಗುಂಪಿನಲ್ಲಿ ಬೇಡ.